ಗೊರಕೆ ಥರ ಉಸಿರು ಬರ್ತಿತ್ತಲ್ಲ, ಅದಕ್ಕೇ ಎದೆ ಮುಟ್ಟಲಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ಬಡಾವಣೆಯಲ್ಲಿ ಸಂಜೆ ಹೊತ್ತು ಒಂದಷ್ಟು ಜನ ಶಟಲ್ ಆಡ್ತೀವಿ. ಹೋದ ತಿಂಗಳು ಆಟದ ಮಧ್ಯೆ ನಮ್ಮ ಜೊತೆಗಾರರೊಬ್ರು, 58 ವರ್ಷ, ನಿಂತಲ್ಲೇ ಕುಸಿದುಬಿದ್ರು. ಕೈಕಾಲು ಒಂದೆರಡು ಸಲ ಅದುರಿತು, ಯಾರೋ ಫಿಟ್ಸ್ ಅಂದ್ರು, ಒಬ್ರು ಹಲ್ಲಿನ ಮಧ್ಯೆ ಚಮಚ ಇಡೋಕೆ ನೋಡಿದ್ರು, ಇನ್ನೊಬ್ರು ಮುಖಕ್ಕೆ ನೀರು ಹೊಡೆದ್ರು, ಮತ್ತೊಬ್ರು ತಮ್ಮ ಹಾರ್ಟಿನ ಮಾತ್ರೆ ತಂದು ಅವರ ನಾಲಿಗೆ ಕೆಳಗಿಟ್ರು. ನಾನು ಆಫೀಸಲ್ಲಿ ಸಿಪಿಆರ್ ಟ್ರೈನಿಂಗ್ ಮಾಡ್ಕೊಂಡಿದ್ದೆ, ಆದ್ರೆ ಅವರಿಗೆ ಗೊರಕೆ ಥರ ಉಸಿರು ಬರ್ತಿತ್ತು, ಉಸಿರಾಡ್ತಿರೋರಿಗೆ ಎದೆ ಒತ್ತಿ ಏನಾದ್ರೂ ಆಗ್ಬಿಟ್ರೆ ಅಂತ ಕೈ ಬರಲೇ ಇಲ್ಲ. ಕಾರಲ್ಲಿ ಹಾಕ್ಕೊಂಡು ಹೋದ್ವಿ, ಆಸ್ಪತ್ರೇಲಿ ಆಗ್ಲೇ ಜೀವ ಹೋಗಿದೆ ಅಂದ್ರು. ನಾನು ಒತ್ತಬೇಕಿತ್ತಾ? ಇದು ಹಾರ್ಟು, ಇದು ಫಿಟ್ಸು, ಇದು ಬರೀ ತಲೆಸುತ್ತು ಅಂತ ನಮ್ಮಂಥೋರು ಹೇಗೆ ಗುರುತು ಹಿಡಿಯೋದು? ನಮ್ಮ ಮನೇಲಿ ಅಮ್ಮನಿಗೆ ಶುಗರ್, ಬಿಪಿ ಎರಡೂ ಇದೆ, ಆ ಭಯಾನೂ ಇದೆ. ಬಡಾವಣೆಯವರು ಈಗ ದುಡ್ಡು ಹಾಕಿ ಆಕ್ಸಿಜನ್ ಸಿಲಿಂಡರ್ ತರೋಣ ಅಂತಿದ್ದಾರೆ, ಅದು ಉಪಯೋಗಕ್ಕೆ ಬರುತ್ತಾ?

ಉತ್ತರ: ಕೇಳಿರೋದು ನಾಲ್ಕು ಪ್ರಶ್ನೆ, ಆದ್ರೆ ನಿಮ್ಮನ್ನ ಕಾಡ್ತಿರೋದು ಒಂದೇ ಅಂತ ಪತ್ರ ಓದಿದ್ರೆ ಗೊತ್ತಾಗುತ್ತೆ, ಉಸಿರಾಡ್ತಿದ್ದಾರೆ ಅಂದ್ಕೊಂಡು ಸುಮ್ನಿದ್ದಿದ್ದು ಸರೀನಾ ಅನ್ನೋದು. ಮೊದ್ಲು ಅದಕ್ಕೇ ಬರ್ತೀನಿ.

ನೀವು ಕೇಳಿಸಿಕೊಂಡಿದ್ದು ಬಹುತೇಕ ಉಸಿರಾಟ ಅಲ್ಲ. ಹೃದಯ ಇದ್ದಕ್ಕಿದ್ದಂತೆ ನಿಂತಾಗ ಮಿದುಳಿನ ಬುಡದಲ್ಲಿರೋ ಉಸಿರಿನ ಕೇಂದ್ರ ತಕ್ಷಣ ಸುಮ್ಮನಾಗಲ್ಲ, ಉಳಿದಿರೋ ಚೂರುಪಾರು ಆಕ್ಸಿಜನ್‌ನಲ್ಲಿ ಇನ್ನೂ ಕೆಲವು ನಿಮಿಷ ಅದು ಆಗಾಗ ದವಡೆ ಎಳೆಯುತ್ತೆ, ಗಂಟಲಲ್ಲಿ ಗೊರಗೊರ ಅನ್ನಿಸುತ್ತೆ, ಬಾಯಿ ಮೀನಿನ ಥರ ತೆರೆದು ಮುಚ್ಚುತ್ತೆ. ಒಂದು ಸಲ ಎಳೆದ ಮೇಲೆ ಇನ್ನೊಂದು ಬರೋಕೆ ಐದು ಸೆಕೆಂಡೂ ಆಗ್ಬಹುದು ಹತ್ತೂ ಆಗ್ಬಹುದು. ಮನೇಲಿ ಹಿರಿಯರು ಮೇಲುಸಿರು ಅಂತಾರಲ್ಲ, ಅದೇ. ಹೃದಯ ನಿಂತೋರಲ್ಲಿ ಸುಮಾರು ಹತ್ತರಲ್ಲಿ ನಾಲ್ಕು ಜನಕ್ಕೆ ಮೊದಲ ಕೆಲವು ನಿಮಿಷ ಇದು ಬರುತ್ತೆ, ಅಂದ್ರೆ ಇದು ಅಪರೂಪದ ಸಂಗತಿ ಅಲ್ಲ, ಸುತ್ತ ನಿಂತೋರೆಲ್ಲ 'ಉಸಿರಾಡ್ತಿದ್ದಾರೆ, ಉಸಿರಾಡ್ತಿದ್ದಾರೆ' ಅಂತ ಸಮಾಧಾನ ಮಾಡ್ಕೊಳ್ಳೋದೂ ಅಷ್ಟೇ ಮಾಮೂಲು. ಆ ಕೈಕಾಲು ಅದುರಿದ್ದು ಕೂಡ ಹಾಗೇ, ಮಿದುಳಿಗೆ ರಕ್ತ ನಿಂತ ತಕ್ಷಣ ಕೆಲವು ಸೆಕೆಂಡು ಮೈ ಎಳೆದುಕೊಳ್ಳಬಹುದು, ಅದನ್ನ ನೋಡಿ ಜನ ಫಿಟ್ಸ್ ಅಂತಾರೆ. ಆಡ್ತಾ ಆಡ್ತಾ ಬಿದ್ದಿದ್ದು, ಚೂರು ಅದುರಿದ್ದು, ಆಮೇಲೆ ಗೊರಕೆ ಸದ್ದು, ಈ ಮೂರೂ ಒಟ್ಟಿಗೆ ಕೇಳಿದ್ರೆ ಎಮರ್ಜೆನ್ಸಿಯಲ್ಲಿ ಕೆಲಸ ಮಾಡೋ ಯಾರೇ ಆದ್ರೂ ಮೊದ್ಲು ಹೃದಯ ನಿಂತಿದೆ ಅಂತಲೇ ಅಂದ್ಕೋತಾರೆ.

ಹಾಗಾಗಿ ಹೌದು, ಒತ್ತಬೇಕಿತ್ತು. ಮುಚ್ಚಿಟ್ಟು ಹೇಳೋದ್ರಲ್ಲಿ ಅರ್ಥ ಇಲ್ಲ, ನೀವು ನೇರ ಉತ್ತರ ಕೇಳೋಕೇ ಬರೆದಿದ್ದೀರ. ಆದ್ರೆ ಒತ್ತಿದ್ರೆ ಉಳೀತಿದ್ರಾ ಅಂದ್ರೆ ಅದನ್ನ ನಾನು ಹೇಳೋಕಾಗಲ್ಲ, ಯಾರೂ ಹೇಳೋಕಾಗಲ್ಲ. ಎಲ್ಲಾ ಸರಿಯಾಗಿ ಮಾಡಿದ್ರೂ ಆಸ್ಪತ್ರೆ ಹೊರಗೆ ಹೃದಯ ನಿಂತೋರಲ್ಲಿ ಹೆಚ್ಚಿನೋರು ಉಳಿಯಲ್ಲ, ಇದು ಪ್ರಪಂಚದ ಎಲ್ಲಾ ಕಡೆ ಇರೋ ಸತ್ಯ. ಟಿವಿಲಿ ತೋರಿಸ್ತಾರಲ್ಲ ನಾಲ್ಕು ಸಲ ಒತ್ತಿದ್ರೆ ಕೆಮ್ಮಿಕೊಂಡು ಎದ್ದು ಕೂರೋದು, ಹಾಗೆ ಎದ್ದು ಕೂತೋರನ್ನ ನನ್ನ ಇಷ್ಟು ವರ್ಷದ ಕೆಲಸದಲ್ಲಿ ನೋಡಿಲ್ಲ. ನಿಮಗೆ ಟ್ರೈನಿಂಗಲ್ಲಿ ಬೊಂಬೆ ಮೇಲೆ ಹೇಗೆ ಒತ್ತೋದು ಅಂತ ಹೇಳಿಕೊಟ್ರು, ಬೊಂಬೆ ಮೇಲುಸಿರು ಬಿಡಲ್ಲ, ಈ ಸದ್ದು ಹೀಗಿರುತ್ತೆ ಅಂತ ಯಾರೂ ಕೇಳಿಸಲೂ ಇಲ್ಲ. ಆ ಕೊರತೆ ಟ್ರೈನಿಂಗ್‌ದು, ನಿಮ್ಮದಲ್ಲ.

ಹಂಗಾದ್ರೆ ಗುರುತು ಹಿಡಿಯೋದು ಹೇಗೆ. ಇದು ಹಾರ್ಟಾ ಫಿಟ್ಸಾ ಸ್ಟ್ರೋಕಾ ಅಂತ ರೋಗದ ಹೆಸರು ಹುಡುಕೋಕೆ ಹೋಗ್ಬೇಡಿ, ಅದು ನಮಗೇ ಎಷ್ಟೋ ಸಲ ಟೆಸ್ಟ್ ಮಾಡಿದ ಮೇಲೆ ಗೊತ್ತಾಗೋದು. ಬಿದ್ದಿರೋರ ಹತ್ರ ಮಂಡಿಯೂರಿ ಕೂತು ಎರಡೂ ಭುಜ ಹಿಡಿದು ಜೋರಾಗಿ ಅಲ್ಲಾಡಿಸಿ, ಕಿವಿ ಹತ್ರ ಹೆಸರು ಹಿಡಿದು ಕೂಗಿ. ಕಣ್ಣು ಬಿಡಲ್ವಾ, ನರಳಲ್ವಾ, ಕೈ ಎತ್ತಿ ತಳ್ಳಲ್ವಾ? ಈಗ ಅಂಗಿ ಸರಿಸಿ ಎದೆ ನೋಡಿ, ಹತ್ತು ಸೆಕೆಂಡು ಮಾತ್ರ. ನಿಮ್ಮ ಉಸಿರಿನ ಥರವೇ ಎದೆ ಒಂದೇ ಸಮ ಏರಿಳೀತಿದ್ರೆ ಅದು ಉಸಿರಾಟ. ಇಲ್ಲ ಅಂದ್ರೆ, ಅಥವಾ ಆಗೊಮ್ಮೆ ಈಗೊಮ್ಮೆ ಗೊರಕ್ ಅಂದ್ರೆ, ಅಥವಾ ನೋಡಿದ್ರೂ ಗೊತ್ತಾಗ್ತಿಲ್ಲ ಅಂದ್ರೆ, ಮೂರಕ್ಕೂ ಒಂದೇ ಉತ್ತರ, ಹೃದಯ ನಿಂತಿದೆ ಅಂತ ತಿಳಿದು ಒತ್ತೋಕೆ ಶುರುಮಾಡಿ. ನಾಡಿ ಹುಡುಕೋಕೆ ಹೋಗ್ಬೇಡಿ. ಗಾಬರೀಲಿ ಸಿಕ್ಕೋದು ನಿಮ್ಮದೇ ಬೆರಳಿನ ನಾಡಿ. ಜನಸಾಮಾನ್ಯರು ನಾಡಿ ನೋಡೋದು ಬೇಡ ಅಂತ 2000ದ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲೇ ತೆಗೆದುಹಾಕಿದ್ದಾರೆ, ಆದ್ರೂ ಇವತ್ತಿಗೂ ಯಾರಾದ್ರೂ ಬಿದ್ರೆ ನಾಲ್ಕು ಜನ ಮಣಿಕಟ್ಟು ಹಿಡ್ಕೊಂಡು ಕೂತಿರ್ತಾರೆ.

ನಿಮ್ಮ ದೊಡ್ಡ ಭಯ, ಬಡೀತಿರೋ ಹೃದಯ ಒತ್ತಿ ನಿಲ್ಲಿಸಿಬಿಟ್ರೆ ಅನ್ನೋದು. ಹೊರಗಿನಿಂದ ಕೈಯಲ್ಲಿ ಒತ್ತಿ ಬಡೀತಿರೋ ಹೃದಯ ನಿಲ್ಲಿಸ್ತೀವಿ ಅನ್ನೋ ಭಯಕ್ಕೆ ಆಧಾರ ಇಲ್ಲ. ಹೃದಯ ನಿಲ್ಲದೇ ಇರೋರಿಗೆ ತಪ್ಪಿ ಒತ್ತಿದ್ರೆ ನೋವಾಗುತ್ತೆ, ಅವರು ಕೈ ತಳ್ತಾರೆ, ನರಳ್ತಾರೆ, ನೀವು ನಿಲ್ಲಿಸ್ತೀರ, ಗಂಭೀರ ಪೆಟ್ಟಾಗೋದು ಬಹಳ ಕಮ್ಮಿ. ನಿಜವಾಗ್ಲೂ ನಿಂತಿರೋರಿಗೆ ಒತ್ತುವಾಗ ಪಕ್ಕೆಲುಬು ಮುರಿಯೋದು ಮಾಮೂಲು, ವಯಸ್ಸಾದೋರಲ್ಲಿ ಇನ್ನೂ ಹೆಚ್ಚು, ಕಟ್ ಅಂತ ಸದ್ದು ಕೈಗೇ ತಿಳಿಯುತ್ತೆ. ಅಲ್ಲಿಗೆ ಜನ ಹೆದರಿ ನಿಲ್ಲಿಸಿಬಿಡ್ತಾರೆ, ನಿಲ್ಲಿಸ್ಬಾರದು, ಮುರಿದ ಮೂಳೆ ಕೆಲವು ವಾರದಲ್ಲಿ ಕೂಡುತ್ತೆ. ಮಿದುಳಿಗೆ ಮಾತ್ರ ರಕ್ತ ನಿಂತ ನಾಲ್ಕಾರು ನಿಮಿಷದಲ್ಲಿ ವಾಸಿಯಾಗದ ಹಾನಿ ಶುರುವಾಗುತ್ತೆ. ಏನೂ ಮಾಡದೇ ಹೋಗೋ ಒಂದೊಂದು ನಿಮಿಷಕ್ಕೂ ಉಳಿಯೋ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳೀತಾ ಹೋಗುತ್ತೆ ಅಂತ ಲೆಕ್ಕ, ಯಾರಾದ್ರೂ ಒತ್ತುತ್ತಾ ಇದ್ರೆ ಆ ಇಳಿಕೆ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತೆ. ಕಾರಿನ ಸೀಟಲ್ಲಿ ಮಲಗಿಸಿಕೊಂಡು ಓಡೋದ್ರ ತೊಂದರೆ ಇಲ್ಲೇ ಇರೋದು, ಓಡೋ ಕಾರಲ್ಲಿ, ಮೆತ್ತನೆ ಸೀಟ್ ಮೇಲೆ ಯಾರೂ ಸರಿಯಾಗಿ ಒತ್ತೋಕಾಗಲ್ಲ, ಹಂಗಾಗಿ ಆ ದಾರಿಯಷ್ಟೂ ಹೊತ್ತು ಮಿದುಳಿಗೆ ರಕ್ತ ಇಲ್ಲ. ಎಚ್ಚರ ಇರೋ ಪೇಷಂಟ್‌ನ, ಆಂಬುಲೆನ್ಸ್ ಸಿಗದೇ ಇದ್ರೆ, ಕಾರಲ್ಲಿ ಕರ್ಕೊಂಡು ಹೋಗೋದು ಬೇರೆ ಮಾತು. ಹೃದಯ ನಿಂತೋರಿಗೆ ಚಿಕಿತ್ಸೆ ಶುರುವಾಗೋದು ಅವರು ಬಿದ್ದಿರೋ ನೆಲದ ಮೇಲೇ.

ಒತ್ತೋದು ಹೇಗೆ ಅಂತ ನಿಮಗೆ ಗೊತ್ತಿದೆ, ಆದ್ರೂ ಓದೋ ಬೇರೆಯವರಿಗಾಗಿ ಹೇಳ್ತೀನಿ. ಫೋನ್ ತುರ್ತು ನಂಬರಿಗೆ ಹಚ್ಚಿ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆ ನಡುವೆ, ಎದೆಮೂಳೆಯ ಕೆಳಗಿನ ಅರ್ಧಕ್ಕೆ ಒಂದು ಅಂಗೈಯ ಬುಡ ಇಟ್ಟು ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೇ ನಿಮ್ಮ ಮೈಭಾರ ಪೂರ್ತಿ ಬಿಟ್ಟು ಒತ್ತಬೇಕು, 5ರಿಂದ 6 ಸೆಂಟಿಮೀಟರ್ ಕೆಳಗೆ ಹೋಗ್ಬೇಕು, ಅದು ನೀವು ಅಂದ್ಕೊಂಡಿರೋದಕ್ಕಿಂತ ಆಳ. ನಿಮಿಷಕ್ಕೆ 100ರಿಂದ 120, ಅಂದ್ರೆ ಸೆಕೆಂಡಿಗೆ ಎರಡಕ್ಕಿಂತ ಚೂರು ಕಮ್ಮಿ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲಕ್ಕೆ ಬರೋಕೆ ಬಿಡ್ಬೇಕು, ಹೃದಯದೊಳಗೆ ಮತ್ತೆ ರಕ್ತ ತುಂಬೋದು ಆಗಲೇ, ಸುಸ್ತಾದೋರು ಎದೆ ಮೇಲೇ ಒರಗಿಬಿಡ್ತಾರೆ, ನೋಡ್ಕೊಳ್ಳಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ, ನನಗೇನೂ ಸುಸ್ತಾಗಿಲ್ಲ ಅಂದ್ರೂ ಬದಲಾಯಿಸಿ, ಸುಸ್ತು ಗೊತ್ತಾಗೋಕೆ ಮೊದಲೇ ಆಳ ಕಮ್ಮಿ ಆಗಿರುತ್ತೆ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡೋಕೆ ಕಲಿತಿದ್ದು ಮನಸ್ಸೂ ಇದ್ರೆ 30 ಸಲ ಒತ್ತಿ 2 ಉಸಿರು, ಇಲ್ಲ ಅಂದ್ರೆ ಬರೀ ಒತ್ತಿ, ದೊಡ್ಡವರು ಹೀಗೆ ದಿಢೀರ್ ಬಿದ್ದಾಗ ಅಷ್ಟಾದ್ರೂ ಸಾಕು. ಮಕ್ಕಳಿಗೆ ಮತ್ತೆ ನೀರಲ್ಲಿ ಮುಳುಗಿದೋರಿಗೆ ಮಾತ್ರ ಉಸಿರೇ ಮೊದ್ಲು ಹೋಗಿರೋದ್ರಿಂದ ಉಸಿರು ಕೊಡ್ಲೇಬೇಕು. ಅವರು ಕಣ್ಣು ಬಿಡೋವರೆಗೆ, ಸರಿಯಾಗಿ ಉಸಿರಾಡೋವರೆಗೆ, ಆಂಬುಲೆನ್ಸ್ ಸಿಬ್ಬಂದಿ ಬಂದು ಬಿಡಿ ಅನ್ನೋವರೆಗೆ ನಿಲ್ಲಿಸ್ಬೇಡಿ.

ಇದರಲ್ಲಿ ಡಾಕ್ಟರಿಗೇ ಮೀಸಲು ಅನ್ನೋ ವಿದ್ಯೆ ಏನೂ ಇಲ್ಲ. ಎದೆ ತೆರೆದು ಹೃದಯ ಹಿಂಡ್ತಿದ್ದ ಕಾಲದಲ್ಲಿ, 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜ್ಯೂಡ್, ನಿಕರ್‌ಬಾಕರ್ ಅನ್ನೋ ಮೂವರು ಹೊರಗಿನಿಂದ ಒತ್ತಿದ್ರೂ ಸಾಕು ಅಂತ ಬರೆದ್ರು, ಅವರಲ್ಲಿ ಮೊದಲನೆಯವರು ವೈದ್ಯರೇ ಅಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್.

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳಲ್ಲ. ಬಿದ್ದಿರೋದು ಹೆಂಗಸರಾದ್ರೆ ಸುತ್ತ ಇರೋ ಗಂಡಸರು ಎದೆ ಮುಟ್ಟೋಕೆ ಹಿಂಜರೀತಾರೆ. ಸಾರ್ವಜನಿಕ ಜಾಗದಲ್ಲಿ ಹೆಂಗಸರಿಗೆ ಸಿಪಿಆರ್ ಸಿಗೋದು ಗಂಡಸರಿಗಿಂತ ಕಮ್ಮಿ ಅಂತ ಬೇರೆ ಬೇರೆ ದೇಶದ ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ಬಡಾವಣೆಯಲ್ಲಿ ಟ್ರೈನಿಂಗ್ ಇಟ್ರೆ ಈ ಮಾತನ್ನ ಎಲ್ಲರ ಮುಂದೆ ಒಂದು ಸಲ ಆಡಿಬಿಡಿ, ಆಮೇಲೆ ಅವತ್ತಿನ ದಿನ ಯಾರೂ ಮುಖ ಮುಖ ನೋಡ್ಕೊಂಡು ನಿಲ್ಲಲ್ಲ.

ಈಗ ಅವತ್ತು ಉಳಿದೋರು ಮಾಡಿದ್ದು. ಮುಖಕ್ಕೆ ನೀರು ಹೊಡೆಯೋದ್ರಿಂದ ಹೊತ್ತು ಹೋಗುತ್ತೆ ಬಿಟ್ರೆ ಏನೂ ಆಗಲ್ಲ. ಎಚ್ಚರ ಇಲ್ಲದೋರ ಬಾಯಿಗೆ ನೀರು ಹಾಕಿದ್ರೆ ಮಾತ್ರ ಅದು ಹೋಗೋದು ಶ್ವಾಸಕೋಶಕ್ಕೆ. ಚಮಚ ನಿಜವಾದ ಫಿಟ್ಸಿಗೂ ಬೇಡ, ನಾಲಿಗೆ ನುಂಗಿಕೊಳ್ತಾರೆ ಅನ್ನೋದು ಸುಳ್ಳು, ಹಲ್ಲು ಮುರಿದು ಗಂಟಲಿಗೆ ಹೋಗೋದು ಮಾತ್ರ ನಿಜ. ಫಿಟ್ಸ್ ಬಂದೋರನ್ನ ಅದುಮಿ ಹಿಡೀಬೇಡಿ, ಸುತ್ತ ತಾಗೋ ವಸ್ತು ಸರಿಸಿ, ತಲೆ ಕೆಳಗೆ ಏನಾದ್ರೂ ಮೆತ್ತಗಿರೋದು ಇಡಿ, ವಾಚ್ ನೋಡಿ. ಎಳೆತ ನಿಂತ ಮೇಲೆ ಒಂದು ಪಕ್ಕಕ್ಕೆ ಹೊರಳಿಸಿ, ಉಸಿರು ಸರಿ ಇದ್ಯಾ ಅಂತ ಎದೆ ನೋಡಿ, ಇಲ್ಲದಿದ್ರೆ ಮೇಲೆ ಹೇಳಿದ್ದೇ. ಐದು ನಿಮಿಷ ದಾಟಿದ್ರೆ, ಅಥವಾ ಎಚ್ಚರ ಆಗೋಕೆ ಮೊದ್ಲೇ ಇನ್ನೊಂದು ಬಂದ್ರೆ, ಅಥವಾ ಜೀವನದಲ್ಲಿ ಮೊದಲನೇ ಸಲ ಬಂದಿದ್ರೆ ಆಂಬುಲೆನ್ಸ್. ಬರೀ ತಲೆಸುತ್ತಿ ಬಿದ್ದೋರು ಮಲಗಿಸಿದ ಒಂದೆರಡು ನಿಮಿಷದಲ್ಲಿ ತಾವಾಗೇ ಕಣ್ಣು ಬಿಟ್ಟು ಸರಿಯಾಗಿ ಮಾತಾಡ್ತಾರೆ. ಓಡುವಾಗ ಆಡುವಾಗ ಬಿದ್ರೆ ಮಾತ್ರ ಎದ್ದು ಕೂತು ನಗಾಡಿದ್ರೂ ಹೃದಯ ತೋರಿಸ್ಲೇಬೇಕು.

ಆ ಹಾರ್ಟಿನ ಮಾತ್ರೆ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ನಾಲಿಗೆ ಕೆಳಗಿಡೋ ಮಾತ್ರೆ ರಕ್ತನಾಳ ಹಿಗ್ಗಿಸುತ್ತೆ, ಅದರ ಜೊತೆ ಬಿಪೀನೂ ಇಳಿಸುತ್ತೆ. ಪಕ್ಕದ ಮನೆಯವರಿಗೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದನ್ನ ಬಿಪಿ ಎಷ್ಟಿದೆ ಅಂತ ಗೊತ್ತಿಲ್ಲದೋರಿಗೆ ಇಟ್ರೆ ಎದೆನೋವು ಅಂತ ಕೂತಿದ್ದೋರು ಕುಸಿದುಬೀಳಬಹುದು, ಲೈಂಗಿಕ ಶಕ್ತಿಗೆ ಅಂತ ವಯಾಗ್ರ ಥರದ ಮಾತ್ರೆ ತಗೊಂಡಿದ್ರಂತೂ ಇನ್ನೂ ಅಪಾಯ, ಅದನ್ನ ಯಾರೂ ನಾಲ್ಕು ಜನರ ಮುಂದೆ ಹೇಳಲ್ಲ ಬೇರೆ. ನಿಂತ ಹೃದಯಕ್ಕಂತೂ ಅದರಿಂದ ಏನೂ ಉಪಯೋಗ ಇಲ್ಲ. ಎಚ್ಚರ ಇದ್ದು, ಎದೆ ಮಧ್ಯೆ ಅಮುಕಿದ ಹಾಗೆ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಡ್ತಾ, ತಣ್ಣನೆ ಬೆವರು, ಇಂಥೋರಿಗೆ ಉಪಯೋಗಕ್ಕೆ ಬರೋದು ಆಸ್ಪಿರಿನ್, 300 ಮಿಲಿಗ್ರಾಂ ಆಸುಪಾಸು, ಅಗಿದು ನುಂಗಬೇಕು. ಅಲರ್ಜಿ ಇದ್ದೋರಿಗೆ, ಹೊಟ್ಟೇಲಿ ರಕ್ತಸ್ರಾವ ಆಗಿದ್ದೋರಿಗೆ ಬೇಡ, ಸಾಧ್ಯ ಆದ್ರೆ ಫೋನಲ್ಲಿ ಆಂಬುಲೆನ್ಸ್‌ನೋರನ್ನ ಕೇಳಿಯೇ ಕೊಡಿ. ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಒರಗಿ ಕೂರಿಸಿ. ಶುಗರ್ ಇದ್ದೋರಿಗೆ, ವಯಸ್ಸಾದೋರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಉಸಿರು ಕಟ್ಟೋದು, ವಾಕರಿಕೆ, ವಿಪರೀತ ಸುಸ್ತು ಅಂತಲೂ ಬರಬಹುದು, 'ಗ್ಯಾಸ್' ಅಂತ ರಾತ್ರಿಯೆಲ್ಲಾ ಕೂತು ಬೆಳಗ್ಗೆ ಬರೋ ಪೇಷಂಟ್‌ಗಳು ನಮಗೆ ಹೊಸದಲ್ಲ. ಹಾರ್ಟ್ ಅಟ್ಯಾಕ್ ಆದಾಗ ಜೋರಾಗಿ ಕೆಮ್ಮಿದ್ರೆ ಬದುಕ್ತಾರೆ ಅಂತ ಒಂದು ಮೆಸೇಜ್ ವರ್ಷಗಟ್ಟಲೆಯಿಂದ ಓಡಾಡ್ತಿದೆ, ಡಿಲೀಟ್ ಮಾಡಿ. ಕೆಮ್ಮೋಷ್ಟು ಎಚ್ಚರ ಇದ್ದೋರು ಅಷ್ಟರಲ್ಲಿ ಫೋನ್ ಮಾಡ್ಲಿ.

ಅಮ್ಮನ ವಿಷಯಕ್ಕೆ ಬರೋಣ, ಶುಗರ್ ಮತ್ತೆ ಬಿಪಿ ಅಂದ್ರೆ ಹಾರ್ಟಿನ ಜೊತೆ ಇನ್ನೆರಡು ಗೊತ್ತಿರ್ಬೇಕು. ಒಂದು ಸ್ಟ್ರೋಕ್. ನಗಿ ಅಂದ್ರೆ ಬಾಯಿ ಒಂದು ಕಡೆ ಸೊಟ್ಟ, ಎರಡೂ ಕೈ ಎತ್ತಿ ಅಂದ್ರೆ ಒಂದು ಇಳಿದುಹೋಗೋದು, ಮಾತು ತೊದಲೋದು ಅಥವಾ ಸಂಬಂಧ ಇಲ್ಲದ ಮಾತು. ಇದರಲ್ಲಿ ಒಂದೇ ಒಂದು ಇದ್ರೂ ಸಾಕು, ಹೊರಡ್ಬೇಕು. ಐದು ನಿಮಿಷದಲ್ಲಿ ತಾನಾಗೇ ಸರಿಹೋದ್ರೂ ಹೊರಡ್ಬೇಕು, ಅದು ದೊಡ್ಡ ಸ್ಟ್ರೋಕ್ ಬರೋ ಮುನ್ಸೂಚನೆ ಇರಬಹುದು. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆ ಒಳಗೆ ಕೊಡೋದು, ಕೆಲವರಿಗೆ ನಾಳದೊಳಗಿಂದ ಗಡ್ಡೆ ಎಳೆದು ತೆಗೆಯೋದನ್ನ 24 ಗಂಟೆವರೆಗೂ ಮಾಡ್ತಾರೆ, ಆದ್ರೆ ಬೇಗ ಆದಷ್ಟೂ ಉಳಿಯೋ ಮಿದುಳು ಹೆಚ್ಚು. ನಾವು ಕೇಳೋ ಮೊದಲನೇ ಪ್ರಶ್ನೆ ಕೊನೇ ಸಲ ಅವರು ಸರಿಯಾಗಿದ್ದಿದ್ದನ್ನ ನೀವು ನೋಡಿದ್ದು ಎಷ್ಟು ಗಂಟೆಗೆ ಅಂತ, ಅದನ್ನ ಬರೆದಿಟ್ಕೊಂಡು ಬನ್ನಿ. ಊಟ, ನೀರು, ಬಿಪಿ ಮಾತ್ರೆ ಯಾವುದೂ ಬಾಯಿಗೆ ಬೇಡ. ಆಸ್ಪಿರಿನ್ ಹಾರ್ಟಿಗೆ ಹೇಳಿದೆ ಅಂತ ಇಲ್ಲಿ ಕೊಡ್ಬೇಡಿ, ನಾಳ ಕಟ್ಟಿದ್ಯೋ ಒಡೆದಿದ್ಯೋ ಅಂತ ಸ್ಕ್ಯಾನ್ ಇಲ್ಲದೆ ಗೊತ್ತಾಗಲ್ಲ, ಒಡೆದಿದ್ರೆ ಆಸ್ಪಿರಿನ್ ವಿಷ. ಬೆರಳ ತುದಿ ಸೂಜೀಲಿ ಚುಚ್ಚಿ ರಕ್ತ ತೆಗೆದ್ರೆ ಸ್ಟ್ರೋಕ್ ನಿಲ್ಲುತ್ತೆ ಅನ್ನೋದು ಕೂಡ ಆ ಕೆಮ್ಮಿನ ಮೆಸೇಜ್ ಜಾತಿಯದೇ.

ಇನ್ನೊಂದು ಶುಗರ್ ಲೋ ಆಗೋದು. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತಗೊಂಡು ಊಟ ತಪ್ಪಿಸಿದ್ರೆ ಆಗುತ್ತೆ, ಕೈ ನಡುಕ, ಬೆವರು, ಇದ್ದಕ್ಕಿದ್ದಂತೆ ಸಿಟ್ಟು, ಕುಡಿದೋರ ಥರ ಮಾತು, ಕೆಲವು ಸಲ ಸ್ಟ್ರೋಕ್ ಥರವೇ ಒಂದು ಕೈ ಸೋಲೋದು. ಮನೇಲಿ ಮಿಷಿನ್ ಇದ್ರೆ ನೋಡಿ, 70ಕ್ಕಿಂತ ಕಮ್ಮಿ ಇದ್ದು ನುಂಗೋಕೆ ಆಗ್ತಿದ್ರೆ 15ರಿಂದ 20 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರಲ್ಲಿ ಕಲಸಿ ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮಿಷಿನ್ ಇಲ್ಲ, ಅನುಮಾನ ಮಾತ್ರ ಇದೆ ಅಂದ್ರೂ ಕೊಡಿ, ಆಗ್ಲೇ ಜಾಸ್ತಿ ಇದ್ದ ಶುಗರ್ ಇನ್ನೊಂದು ಚೂರು ಏರಿದ್ರೆ ಆಗೋ ನಷ್ಟ ಕಮ್ಮಿ, ಲೋ ಶುಗರ್ ಬಿಟ್ರೆ ಮಿದುಳಿಗೇ ಪೆಟ್ಟು. ಆದ್ರೆ ಬಾಯಿ ಸೊಟ್ಟ ಆಗಿದ್ರೆ, ನುಂಗೋಕೆ ತಡವರಿಸ್ತಿದ್ರೆ, ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಂಬುಲೆನ್ಸ್ ಕರೀರಿ.

ಸುಟ್ಟ ಗಾಯ, ರಕ್ತ ಸೋರೋದು, ಗಂಟಲಿಗೆ ಸಿಕ್ಕಿಕೊಳ್ಳೋದು ಇವನ್ನ ನೀವು ಕೇಳಿಲ್ಲ, ಆದ್ರೂ ಬಡಾವಣೆ ಅಂದ ಮೇಲೆ ಇವೂ ಇರುತ್ತೆ ಅಂತ ಬೇಗ ಬೇಗ ಹೇಳ್ತೀನಿ. ಸುಟ್ಟಿದ್ದಕ್ಕೆ ನಲ್ಲಿ ನೀರು ಇಪ್ಪತ್ತು ನಿಮಿಷ, ಐಸ್ ಬೇಡ ಪೇಸ್ಟ್ ಬೇಡ. ರಕ್ತಕ್ಕೆ ಬಟ್ಟೆ ಇಟ್ಟು ಅದೇ ಜಾಗದಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯೋದು, ನಿಂತಿದ್ಯಾ ಅಂತ ನಿಮಿಷಕ್ಕೊಮ್ಮೆ ಎತ್ತಿ ನೋಡೋದು ಬೇಡ. ಗಂಟಲಲ್ಲಿ ಸಿಕ್ಕಿದೋರು ಕೆಮ್ಮುತ್ತಿದ್ರೆ ಕೆಮ್ಮೋಕೆ ಬಿಡಿ, ಸದ್ದೇ ನಿಂತು ಕೈ ಗಂಟಲಿಗೆ ಹೋದ್ರೆ ಬಗ್ಗಿಸಿ ಭುಜದ ಮೂಳೆಗಳ ಮಧ್ಯೆ ಅಂಗೈ ಬುಡದಲ್ಲಿ ಐದು ಏಟು, ಹೋಗದಿದ್ರೆ ಹಿಂದಿನಿಂದ ತಬ್ಬಿ ಹೊಕ್ಕಳ ಮೇಲ್ಭಾಗಕ್ಕೆ ಒಳಗೂ ಮೇಲಕ್ಕೂ ಐದು ಸಲ ಎಳೆತ, ಹೀಗೇ ಬದಲಿಸ್ತಾ ಇರಿ. ಒಂದು ವರ್ಷದೊಳಗಿನ ಕೂಸಿಗೆ, ಗರ್ಭಿಣಿಗೆ ಹೊಟ್ಟೆ ಒತ್ತಬಾರದು, ಎದೆಗೆ.

ಕೊನೇದಾಗಿ ಸಿಲಿಂಡರ್. ಬೇಡ. ನಿಂತ ಹೃದಯ ಇರೋರ ಮೂಗಿಗೆ ಆಕ್ಸಿಜನ್ ಹಿಡಿದ್ರೆ ಅದನ್ನ ಮಿದುಳಿಗೆ ತಗೊಂಡು ಹೋಗೋಕೆ ರಕ್ತವೇ ಓಡ್ತಿರಲ್ಲ, ಜೊತೆಗೆ ಎಲ್ಲರೂ ಒತ್ತೋದು ಬಿಟ್ಟು ಮಾಸ್ಕ್ ಎಲ್ಲಿ, ಕೀ ಎಲ್ಲಿ ಅಂತ ಸಿಲಿಂಡರ್ ಸುತ್ತ ಸೇರ್ತಾರೆ. ಆ ದುಡ್ಡಿಗೆ ಎಇಡಿ ಸಿಗುತ್ತಾ ನೋಡಿ, ಎದೆಗೆ ಪ್ಯಾಡ್ ಅಂಟಿಸಿದ್ರೆ ತಾನೇ ಹೃದಯದ ಲಯ ಓದಿ ಶಾಕ್ ಬೇಕೋ ಬೇಡವೋ ಹೇಳೋ ಮಿಷಿನ್, ಬೇಡದೋರಿಗೆ ಕೊಡಿ ಅಂದ್ರೂ ಅದು ಕೊಡಲ್ಲ. ಆದ್ರೆ ತಂದು ಬೀಗ ಹಾಕಿ ಆಫೀಸ್ ರೂಮಲ್ಲಿಟ್ರೆ ದಂಡ, ಬ್ಯಾಟರಿಗೂ ಪ್ಯಾಡಿಗೂ ಎಕ್ಸ್‌ಪೈರಿ ಇರುತ್ತೆ, ತಾರೀಕು ನೋಡೋ ಒಬ್ಬರ ಹೆಸರು ಮೊದ್ಲು ಬರೆದು ಆಮೇಲೆ ತನ್ನಿ. ಇಷ್ಟು ಆಗಲ್ಲ ಅಂದ್ರೆ ಬರೀ ಟ್ರೈನಿಂಗ್‌ಗೆ ಖರ್ಚು ಮಾಡಿ, ಅದೇನೂ ಕಮ್ಮಿ ಅಲ್ಲ. ಡೆನ್ಮಾರ್ಕ್‌ನಲ್ಲಿ 2005ರ ಹೊತ್ತಿಗೆ ಶಾಲೆ ಮಕ್ಕಳಿಗೆ, ಆಮೇಲೆ ಡ್ರೈವಿಂಗ್ ಲೈಸೆನ್ಸ್ ತಗೊಳ್ಳೋರಿಗೆ ಇದನ್ನ ಕಡ್ಡಾಯ ಮಾಡಿದ್ರು, ಊರೂರಲ್ಲಿ ಎಇಡಿ ಇಟ್ರು, ಆಂಬುಲೆನ್ಸ್ ಸೇವೆನೂ ಸುಧಾರಿಸಿದ್ರು. 2001ರಲ್ಲಿ ನೂರಕ್ಕೆ 21 ಜನಕ್ಕೆ ಪಕ್ಕದಲ್ಲಿದ್ದೋರಿಂದ ಸಿಪಿಆರ್ ಸಿಗ್ತಿದ್ದಿದ್ದು 2010ಕ್ಕೆ 45ಕ್ಕೆ ಬಂತು, ತಿಂಗಳ ನಂತರವೂ ಬದುಕಿದ್ದೋರು 3.5ರಿಂದ 10.8ಕ್ಕೆ ಏರಿದ್ರು. ನೋಡಿ, ಏರಿದ ಮೇಲೂ ನೂರಕ್ಕೆ ಹನ್ನೊಂದೇ, ಆದ್ರೂ ಅದು ಮೂರು ಪಟ್ಟು.

ಒಂದು ಸಲ ಕಲಿತು ಬಿಡೋದಲ್ಲ ಇದು, ಮೂರರಿಂದ ಆರು ತಿಂಗಳಲ್ಲೇ ಕೈ ಮರೆಯೋಕೆ ಶುರುವಾಗುತ್ತೆ, ಹಾಗಾಗಿ ಬೊಂಬೆ ತರಿಸಿ ಶಟಲ್ ಆಡೋಕೆ ಮೊದ್ಲು ಆಗಾಗ ಹತ್ತು ನಿಮಿಷ ಒತ್ತಿ. ಯಾರು ಫೋನ್ ಮಾಡೋದು, ಯಾರು ಗೇಟ್ ಹತ್ರ ಹೋಗಿ ಆಂಬುಲೆನ್ಸ್‌ಗೆ ದಾರಿ ತೋರಿಸೋದು, ಯಾರು ಲಿಫ್ಟ್ ಹಿಡಿದು ನಿಲ್ಲಿಸೋದು ಅಂತ ಹೆಸರು ಹಿಡಿದು ಹೇಳಿಕೊಳ್ಳಿ, 'ಯಾರಾದ್ರೂ ಫೋನ್ ಮಾಡಿ' ಅಂತ ಕೂಗಿದ್ರೆ ಯಾರೂ ಮಾಡಿರಲ್ಲ. ಸಹಾಯ ಮಾಡೋಕೆ ಹೋಗಿ ಕೇಸ್ ಆದ್ರೆ ಅಂತ ಕೆಲವರು ಹಿಂದೆ ಸರೀತಾರೆ, ಒಳ್ಳೇ ಮನಸ್ಸಿಂದ ನೆರವಾದೋರಿಗೆ ಬಹಳಷ್ಟು ದೇಶಗಳಲ್ಲಿ ಕಾನೂನಿನ ರಕ್ಷಣೆ ಇದೆ, ನಿಮ್ಮಲ್ಲಿರೋದನ್ನ ಒಂದು ಹಾಳೇಲಿ ಪ್ರಿಂಟ್ ಮಾಡಿ ನೋಟಿಸ್ ಬೋರ್ಡಿಗೆ ಹಾಕಿ. ಫಸ್ಟ್ ಏಡ್ ಡಬ್ಬಿಗೆ ಗ್ಲೌಸ್, ದಪ್ಪ ಗಾಜ್, ಅಗಲದ ಬ್ಯಾಂಡೇಜ್, ಗ್ಲೂಕೋಸ್, ಆಸ್ಪಿರಿನ್ ಸಾಕು. ಮತ್ತೆ ಒಂದು ಗಟ್ಟಿ ಕತ್ತರಿ, ಎಇಡಿ ಪ್ಯಾಡ್ ಅಂಟಿಸೋಕೆ ಬರಿಮೈ ಬೇಕು, ಬೆವರಲ್ಲಿ ಒದ್ದೆಯಾಗಿ ಮೈಗಂಟಿದ ಬನಿಯನ್ ಬಿಚ್ಚೋಕೆ ಕೂತ್ರೆ ಬರಲ್ಲ, ಕತ್ತರಿಸ್ಬೇಕು.